ಮಲೆನಾಡಿನ ಪುರಾತತ್ವ ನಕ್ಷೆ: ಕಾನು, ಕಲ್ಲು, ಲೇಸರ್

ಬಸವನಗುಡಿಯ ಉಪನ್ಯಾಸಗಳಲ್ಲಿ ಮಲೆನಾಡಿನ ಪುರಾತತ್ವದ ಮಾತೆತ್ತಿದರೆ ಈಗ ಮೊದಲು ಬರುವ ಪ್ರಶ್ನೆ ಲೈಡಾರ್‌ನದು. ಗ್ವಾಟೆಮಾಲದ ಮಳೆಕಾಡಿನಲ್ಲಿ ವಿಮಾನದಿಂದ ಬಿಟ್ಟ ಲೇಸರ್ 60,000ಕ್ಕೂ ಹೆಚ್ಚು ಮಾಯಾ ಕಟ್ಟಡಗಳನ್ನು ತೋರಿಸಿತೆಂಬ ಸುದ್ದಿ 2018ರಲ್ಲಿ ಬಂತಲ್ಲ; ನಮ್ಮ ಘಟ್ಟದಲ್ಲೂ ಕಳೆದುಹೋದ ನಗರಗಳು ಸಿಗಬಾರದೇಕೆ ಎನ್ನುತ್ತಾರೆ. ಕುತೂಹಲ ಒಳ್ಳೆಯದೇ. ಆದರೆ ಆ ನಗರಗಳು ಅಳಿದ ಮೇಲೆ ಘಟ್ಟದ ಕಾಡು ನಿರ್ಜನವಾಗಿಯೇ ಉಳಿಯಿತು, ಅಲ್ಲಿ ಯಾರೂ ಹುಡುಕಿಲ್ಲ ಎಂಬ ಎರಡು ತಪ್ಪು ತಿಳಿವಳಿಕೆಗಳು ಅದರಲ್ಲಿ ಸೇರಿಕೊಂಡಿವೆ.

ಬಿ. ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾ 1886ರಲ್ಲಿ ಶುರುವಾದದ್ದೇ ಕೊಡಗಿನಿಂದ. ಸೊರಬ, ಸಾಗರ, ನಗರ, ತೀರ್ಥಹಳ್ಳಿಗಳ ಸಂಪುಟ 1904ರಲ್ಲಿ ಬಂತು. ಊರಿನ ಹೆಸರು, ಕಲ್ಲು ನಿಂತ ಜಾಗ, ಇಷ್ಟೇ ಅದರಲ್ಲಿ ಸಿಗುವ ವಿಳಾಸ. ಕೊಡಗಿನ ಕಲ್ಗೋರಿಗಳನ್ನು ಬ್ರಿಟಿಷ್ ಅಧಿಕಾರಿಗಳು ಅಗೆದರು, ಅಗೆದಷ್ಟು ಅಳೆಯಲಿಲ್ಲ.

ನಮ್ಮ ತಲೆಮಾರಿಗೆ ದಾರಿ ತೋರಿದವರು ಅ. ಸುಂದರ. ದಕ್ಷಿಣ ಭಾರತದ ಕೋಣೆಗೋರಿಗಳನ್ನು ಕುರಿತ ಅವರ 1975ರ ಗ್ರಂಥ, ಕಲ್ಲಿನ ಜೋಡಣೆಯನ್ನು ಹೇಗೆ ಓದಬೇಕೆಂದು ಕಲಿಸಿತು. ಮುಂದೆ ಹೊಸನಗರ ಕಡೆಯ ನಿಲಸ್ಕಲ್‌ನಲ್ಲಿ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮತ್ತು ಸಂಗಡಿಗರು ನಿಲುವುಗಲ್ಲುಗಳನ್ನು ಅಳೆದು, ಕೆಲವು ಜೋಡಿಗಳು ಅಯನಾಂತದ ಸೂರ್ಯೋದಯ, ಸೂರ್ಯಾಸ್ತಗಳ ದಿಕ್ಕಿಗೆ ಹೊಂದುತ್ತವೆಂದು ತೋರಿಸಿದರು. ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮಾಧವ ಗಾಡ್ಗೀಳ್, ಸುಭಾಷ್ ಚಂದ್ರನ್ ಮಾಡಿದ ಕೆಲಸ ಪುರಾತತ್ವದ ಹೆಸರಿನಲ್ಲಿ ನಡೆದದ್ದಲ್ಲ. ಆದರೂ ಉತ್ತರ ಕನ್ನಡದ ಕಾನುಗಳು ಜನರೇ ಕಾಪಾಡಿಕೊಂಡು ಬಂದ ಕಾಡುಗಳೆಂದು ಅವರು ಹೇಳಿದ್ದು ನಮ್ಮ ಕಣ್ಣು ತೆರೆಸಿತು. ಬೇಸಿಗೆಯಲ್ಲಿ ಕಾನು ಹೊಕ್ಕು ದರಗು ಸರಿಸಿದರೆ ಕಡಿದ ಜಂಬಿಟ್ಟಿಗೆಯ ಸಾಲು, ಹೂತ ಬಾವಿಯ ಕಟ್ಟೆ, ಕೆಳಪಟ್ಟಿಕೆ ಮಣ್ಣಿನೊಳಗೇ ಉಳಿದ ವೀರಗಲ್ಲು ಕಾಣುತ್ತವೆ. ಸುತ್ತ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ.

ಲೇಸರ್‌ಗೆ ಇಲ್ಲಿ ತೊಡಕುಗಳಿವೆ. ಕೋಟೆಯ ಕಂದಕ, ತೋಟದ ಅಗಳ, ಅರಣ್ಯ ಇಲಾಖೆಯ ಆನೆ ಕಂದಕ ಮೂರೂ ಅದಕ್ಕೆ ಒಂದೇ ಬಗೆಯ ಗೀರು. ಗಿಡಮರ ಅಳಿಸಿ ನೆಲವನ್ನಷ್ಟೇ ಉಳಿಸಿಕೊಳ್ಳುವ ಲೆಕ್ಕಾಚಾರದಲ್ಲಿ ನಿಲಸ್ಕಲ್‌ನಂಥ ಕಲ್ಲುಗಳು ಬೊಡ್ಡೆಗಳ ಜತೆಗೇ ಅಳಿಸಿಹೋಗಬಹುದು. ಬೆಂಗಳೂರಿನ ಸುತ್ತ ಶಾಸನಗಳನ್ನು ಸ್ಕ್ಯಾನ್ ಮಾಡುತ್ತಿರುವ ಮಿಥಿಕ್ ಸೊಸೈಟಿಯ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ: ಊರಿಗೆ ಹೋಗಿ ಕಲ್ಲನ್ನು ಹುಡುಕುವುದು ಮೊದಲು, ಯಂತ್ರ ಆಮೇಲೆ.

ಪುರಾತತ್ವ ಇಲಾಖೆಯ ಗ್ರಾಮವಾರು ಸರ್ವೇಕ್ಷಣೆ ದೊಡ್ಡ ಕೆಲಸ. ಆದರೆ ಜನ ಬಿಟ್ಟುಹೋದ ಬೇಚಿರಾಕ್ ಗ್ರಾಮಗಳಲ್ಲಿ ದಾರಿ ತೋರಿಸಲು ಯಾರೂ ಇರುವುದಿಲ್ಲ. ಮಲೆನಾಡಿನ ನಕ್ಷೆ ಕಂದಾಯ ದಫ್ತರದ ಆ ಹೆಸರುಗಳಿಂದಲೇ ಶುರುವಾಗಬೇಕು. ಮುಳುಗಡೆ ಊರುಗಳ ಕೆಲಸಕ್ಕಂತೂ ಕಾಯಲು ಸಮಯವಿಲ್ಲ. 1964ರ ಲಿಂಗನಮಕ್ಕಿ ಜಲಾಶಯದ ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅಂಥ ವರ್ಷ ಅಡಿಪಾಯ, ಗದ್ದೆಬದು, ಬಾವಿಗಳನ್ನು ಗುರುತು ಹಾಕಿಕೊಳ್ಳಲು ಒಂದು ತಂಡ ಹಿನ್ನೀರಿನ ತಳಕ್ಕೆ ಇಳಿಯಬೇಕು. ಆ ಊರುಗಳಲ್ಲಿ ಹುಟ್ಟಿದವರು ಇನ್ನೂ ಇದ್ದಾರೆ. ಯಾರ ಮನೆ, ಯಾವ ಗುಡಿ ಎಲ್ಲಿತ್ತೆಂದು ಅವರನ್ನು ಕರೆದುಕೊಂಡು ಹೋಗಿಯೇ ಕೇಳಬೇಕು.