ಬಿಸಿ ತಾಳುವ ವಾಹಕ ಅಂಟುಗಳು: ಎಪ್ಪತ್ತು ವರ್ಷಗಳ ಹಾದಿ

ವಿದ್ಯುತ್ ಹರಿಯಗೊಡುವ ಅಂಟುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಬೆಳ್ಳಿಯ ಲೆಕ್ಕವಾಗಿ ಹೇಳುತ್ತಾರೆ: ರಾಳಕ್ಕೆ ಎಷ್ಟು ಬೆಳ್ಳಿ ಬೆರೆಸಿದರು, ರೋಧ ಎಷ್ಟು ಇಳಿಯಿತು. ತೈಲಬಾವಿಯ ಆಳಕ್ಕಿಳಿಯುವ ಉಪಕರಣ, ವಿಮಾನದ ಎಂಜಿನ್ನಿಗೆ ಹೊಂದಿಕೊಂಡ ಸಂವೇದಕ ಇಂಥ ಕಡೆ, 150 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಲೆಕ್ಕ ಸಾಲದು. ಅಲ್ಲಿ ಮೊದಲು ಕೆಡುವುದು ಬೆಳ್ಳಿಯನ್ನು ಹಿಡಿದಿಟ್ಟ ರಾಳ, ಇಲ್ಲವೇ ಅಂಟು ತಾಗುವ ಲೋಹದ ಮೇಲ್ಮೈ. ಈ ಕ್ಷೇತ್ರದ ನಿಜವಾದ ಮುನ್ನಡೆಗಳು ಈ ಎರಡು ಜಾಗಗಳಲ್ಲೇ ಆಗಿವೆ ಎಂಬುದು ನನ್ನ ವಾದ.

ಎಪಾಕ್ಸಿಗೆ ಬೆಳ್ಳಿ ಬೆರೆಸಿದ ಅಂಟಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1956ರಲ್ಲಿ. ಗಾತ್ರದ ಲೆಕ್ಕದಲ್ಲಿ ಬೆಳ್ಳಿ ಸುಮಾರು ಕಾಲು ಭಾಗ ಮುಟ್ಟುವವರೆಗೆ ಇಂಥ ಅಂಟಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲವೆನ್ನಬಹುದು. ಆ ಹಂತ ದಾಟಿದೊಡನೆ ಚಕ್ಕೆಗಳು ಒಂದಕ್ಕೊಂದು ತಾಗಿ ದಾರಿ ತೆರೆದುಕೊಳ್ಳುತ್ತದೆ, ರೋಧ ದಿಢೀರನೆ ಕುಸಿಯುತ್ತದೆ. ಮುಂದೆ ಬೆಳ್ಳಿ ಸುರಿದಷ್ಟೂ ಲಾಭ ಕಡಿಮೆ, ಹಿಡಿತವೂ ಸಡಿಲ. ಚಕ್ಕೆಗಳು ಮುದ್ದೆಗಟ್ಟದಿರಲೆಂದು ಅವುಗಳಿಗೆ ಸ್ಟಿಯರಿಕ್ ಆಮ್ಲದಂಥ ಕೊಬ್ಬಿನ ತೆಳು ಲೇಪ ಕೊಟ್ಟಿರುತ್ತಾರೆ. ಹಸಿ ಅಂಟಿನಲ್ಲಿ ಈ ಲೇಪವೇ ವಿದ್ಯುತ್ತಿಗೆ ಅಡ್ಡಿ. ಕಾಯಿಸಿದಾಗ ರಾಳ ಕುಗ್ಗಿ ಚಕ್ಕೆಗಳನ್ನು ಅದುಮಿ ಹತ್ತಿರ ತರುತ್ತದೆ, ಆಗ ವಾಹಕತೆ ಹುಟ್ಟುತ್ತದೆ. ಅಂದರೆ ಬೆಳ್ಳಿಯ ಗುಣ ಪ್ರಕಟವಾಗಲು ಮೊದಲಿನಿಂದಲೂ ರಾಳದ ನೆರವು ಬೇಕೇ ಬೇಕು.

ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿತು. ಅದಕ್ಕೂ ಮುಂಚೆಯೇ, ಸೀಸ ಬೆರೆತ ಬೆಸುಗೆಯ ಜಾಗವನ್ನು ಅಂಟು ತುಂಬಬಲ್ಲುದೇ ಎಂಬ ಹುಡುಕಾಟ ಬಿರುಸಾಗಿತ್ತು. ಅಡ್ಡ ಬಂದದ್ದು ತೇವ. 85 ಡಿಗ್ರಿ ಶಾಖ, ಶೇ. 85 ಆರ್ದ್ರತೆಯ ಪರೀಕ್ಷೆಯಲ್ಲಿ, ತವರ ಲೇಪಿಸಿದ ಬಿಡಿಭಾಗಗಳ ಜೊತೆ ಅಂಟಿನ ಸಂಪರ್ಕ ರೋಧ ಏರುತ್ತಲೇ ಹೋಗುತ್ತಿತ್ತು. ಲೋಹ ಗಾಳಿಯಲ್ಲಿ ಸುಮ್ಮನೆ ಆಕ್ಸೈಡ್ ಆಗುವುದೇ ಕಾರಣವೆಂದು ಬಹುಮಂದಿ ನಂಬಿದ್ದರು. 1999ರಲ್ಲಿ ಜಾರ್ಜಿಯಾ ಟೆಕ್‌ನ ಲು ಮತ್ತು ವಾಂಗ್ ತಂಡ ಬೇರೆಯದನ್ನೇ ತೋರಿಸಿತು: ನೀರಿನ ತೆಳುಪದರದಲ್ಲಿ ಬೆಳ್ಳಿ ಮತ್ತು ತವರ ಬ್ಯಾಟರಿಯ ಎರಡು ಧ್ರುವಗಳಾಗುತ್ತವೆ, ತವರ ಸವೆಯುತ್ತದೆ. ರೋಗ ಗೊತ್ತಾದ ಮೇಲೆ ಮದ್ದೂ ಸಿಕ್ಕಿತು. ತುಕ್ಕು ತಡೆಯುವ ರಾಸಾಯನಿಕ, ತೇವ ಕಡಿಮೆ ಹೀರುವ ರಾಳ, ಚಿನ್ನ ಅಥವಾ ಬೆಳ್ಳಿ ಲೇಪಿತ ತುದಿಗಳು ಬಳಕೆಗೆ ಬಂದವು.

ಆದರೆ ಈ ಮದ್ದು ಬಿಸಿಯ ರೋಗಕ್ಕೆ ಪೂರ್ತಿ ನಾಟುವುದಿಲ್ಲ. 150 ಡಿಗ್ರಿಯ ಒಣ ಶಾಖದಲ್ಲಿ ನೀರಿನ ಪದರವೇ ಇರುವುದಿಲ್ಲ. ಅಲ್ಲಿ ತವರದ ಪರಮಾಣುಗಳು ಬೆಳ್ಳಿಯತ್ತ ಸಾಗಿ, ಹಿಂದೆ ಪೊಳ್ಳು ಬಿಡುತ್ತವೆ. ಸಾಮಾನ್ಯ ಎಪಾಕ್ಸಿಗಳು 100ರಿಂದ 150 ಡಿಗ್ರಿಯ ಆಸುಪಾಸಿನಲ್ಲೇ ಗಾಜಿನ ಗಡಸುತನ ಕಳೆದುಕೊಂಡು ಮೆತ್ತಗಾಗುತ್ತವೆ. ಸಯನೇಟ್ ಎಸ್ಟರ್, ಪಾಲಿಇಮೈಡ್ ರಾಳಗಳು ಈ ಮಿತಿಯನ್ನು ಮೇಲಕ್ಕೆ ತಳ್ಳಿದವು. ಕೊನೆಗೆ ರಾಳವನ್ನೇ ಕೈಬಿಡುವ ದಾರಿಯೂ ತೆರೆಯಿತು. 1980ರ ದಶಕದ ಕೊನೆಯಲ್ಲಿ ಸೀಮೆನ್ಸ್‌ನ ಸಂಶೋಧಕರು ಬೆಳ್ಳಿಯ ಪುಡಿಯನ್ನು ಒತ್ತಡದಲ್ಲಿ ಕಾಯಿಸಿ, ಕರಗಿಸದೆಯೇ ಒಂದಾಗಿಸಿದರು. ಸುಮಾರು 250 ಡಿಗ್ರಿಯಲ್ಲಿ ಕೂಡಿದ ಜೋಡಣೆಗೆ ದಕ್ಕುವುದು ಬೆಳ್ಳಿಯ 961 ಡಿಗ್ರಿ ಕರಗುಬಿಂದು. ಹೆಚ್ಚು ಬಿಸಿಯಲ್ಲೂ ದುಡಿಯುವ ಸಿಲಿಕಾನ್ ಕಾರ್ಬೈಡ್ ಚಿಪ್‌ಗಳಿಗೆ ಇದು ಹೇಳಿ ಮಾಡಿಸಿದಂತಿದೆ.

ಹಾಗಾದರೆ ರಾಳದ ಅಂಟಿನ ಕಾಲ ಮುಗಿಯಿತೇ ಎಂದು ಕೇಳುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಬಿಸಿಯಾದಾಗ ಚಿಪ್‌ನ ಕೆಳಗಿನ ತಾಮ್ರ ಚಿಪ್‌ನ ಸಿಲಿಕಾನಿಗಿಂತ ಐದಾರು ಪಟ್ಟು ಹಿಗ್ಗುತ್ತದೆ. ಈ ಎಳೆದಾಟವನ್ನು ಮೆತುವಾದ ರಾಳ ನುಂಗಿಕೊಳ್ಳುತ್ತದೆ, ಗಟ್ಟಿ ಬೆಳ್ಳಿ ಚಿಪ್‌ಗೆ ದಾಟಿಸುತ್ತದೆ. ಸೂಕ್ಷ್ಮ ಭಾಗಗಳು ಒತ್ತಡವನ್ನೂ ತಾಳವು. ಸ್ವಲ್ಪ ರಾಳ ಉಳಿಸಿಕೊಂಡೇ ಬೆಳ್ಳಿಯನ್ನು ಬೆಸೆಯುವ ಮಿಶ್ರ ಅಂಟುಗಳು ಬಂದಿರುವುದು ಇದಕ್ಕಾಗಿಯೇ. ಬೆಳ್ಳಿ ದುಬಾರಿ, ತಾಮ್ರ ಬಳಸಬಾರದೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಬಿಸಿಗಾಳಿಯಲ್ಲಿ ತಾಮ್ರದ ಕಣ ತನ್ನ ಮೇಲೆ ತಾನೇ ಆಕ್ಸೈಡಿನ ಪದರ ಬೆಳೆಸಿಕೊಂಡು ವಿದ್ಯುತ್ತಿನ ದಾರಿ ಕೆಡಿಸುತ್ತದೆ. ಪ್ರಶ್ನೆ ಮತ್ತೆ ಮೇಲ್ಮೈಗೇ ಬಂದು ನಿಲ್ಲುತ್ತದೆ.

ಆದ್ದರಿಂದ ಇಂಥ ಅಂಟನ್ನು ಆರಿಸುವವರು ಮಾಹಿತಿಪತ್ರದಲ್ಲಿನ ಮೊದಲ ದಿನದ ರೋಧ ನೋಡಿ ತೃಪ್ತರಾಗಬಾರದು. ಯಾವ ಲೋಹದ ಮೇಲೆ, ಎಷ್ಟು ಶಾಖದಲ್ಲಿ, ಸಾವಿರ ಗಂಟೆ ಕಳೆದ ಮೇಲೆ ಆ ರೋಧ ಎಷ್ಟಾಯಿತು ಎಂದು ಕೇಳಬೇಕು. ತೇವದ ಪರೀಕ್ಷೆ ಗೆದ್ದ ಅಂಟು ಒಣ ಶಾಖದಲ್ಲೂ ಗೆಲ್ಲುತ್ತದೆಂದು ನಂಬಲು ಆಧಾರವಿಲ್ಲ. ಎರಡೂ ಪರೀಕ್ಷೆಗಳು ಬೇಕು.