ರಾತ್ರಿ ಕುಸಿಯುವ ಕಾರು

2018ರಲ್ಲಿ ಮಗಳ ಬಾಣಂತನಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗಿ ಮೂರು ತಿಂಗಳು ಇದ್ದೆ. ಮಗಳದು ಮಹಡಿಯ ಮನೆ. ಕೆಳಗೆ ಮನೆಯೊಡತಿ, ಎಪ್ಪತ್ತು ದಾಟಿದ ವಿಧವೆ. ಬೆಳಗಿನ ಜಾವ ಮಗು ಎದ್ದಾಗ ಎತ್ತಿಕೊಂಡು ಕಿಟಕಿಯ ಬಳಿ ನಿಲ್ಲುತ್ತಿದ್ದೆ. ಆಕೆ ಅಂಗಳದ ಶೆಡ್ಡಿನ ಬಾಗಿಲು ತೆರೆದು, ಬೂದು ಬಣ್ಣದ ಹಳೆಯ ಕಾರಿನ ಚಕ್ರದ ಮೇಲೆ ಬೆರಳುಗಳನ್ನು ಅಡ್ಡವಿಟ್ಟು ಏನನ್ನೋ ಅಳೆಯುತ್ತಿದ್ದರು. ನಾವು ಅನ್ನಕ್ಕೆ ನೀರಿಡುವಾಗ ಅಳೆಯುವುದಿಲ್ಲವೇ, ಹಾಗೆ. ಸಂಜೆ ನೆಟ್ಟಗೆ ನಿಂತಿದ್ದ ಕಾರು ಬೆಳಗಾಗುವಷ್ಟರಲ್ಲಿ ಮುಂಗಾಲು ಮಡಿಸಿದ ಎಮ್ಮೆಯಂತೆ ಕುಸಿದಿರುತ್ತಿತ್ತು.

ಕಾರಿನ ವಿಷಯದಲ್ಲಿ ನನ್ನ ಜ್ಞಾನ ಅಂಬಾಸಡರ್‌ಗೇ ನಿಂತುಹೋಗಿತ್ತು. ಇದು ಮರ್ಸಿಡಿಸ್ ಬೆನ್ಝ್ 300 ಎಸ್‌ಇಎಲ್ 6.3, 1970ರದು ಎಂದು ಅಳಿಯ ಹೇಳಿದಾಗ ಆ ಅಂಕಿಗಳು ನನಗೆ ಬಸ್ ನಂಬರಿನಂತೆ ಕೇಳಿಸಿದವು. ಆಮೇಲೆ ಅದರ ಕಥೆ ತಿಳಿಯಿತು. 1963ರಲ್ಲಿ ಆ ಕಂಪನಿ 600 ಎಂಬ ಭಾರಿ ಕಾರನ್ನು ಹೊರತಂದಿತ್ತು, ರಾಜಮಹಾರಾಜರಿಗೆ, ರಾಷ್ಟ್ರಾಧ್ಯಕ್ಷರಿಗೆ. ಅದರ ಎಂಟು ಸಿಲಿಂಡರಿನ, 6.3 ಲೀಟರಿನ ಎಂಜಿನ್ನನ್ನು ಎರಿಖ್ ವಾಕ್ಸನ್‌ಬರ್ಗರ್ ಎಂಬ ಇಂಜಿನಿಯರ್ ಯಾರ ಅಪ್ಪಣೆಗೂ ಕಾಯದೆ ಅದಕ್ಕಿಂತ ಚಿಕ್ಕ ಕಾರಿನೊಳಗೆ ಕೂರಿಸಿಬಿಟ್ಟರು. ಮೇಲಧಿಕಾರಿ ರುಡಾಲ್ಫ್ ಉಹ್ಲೆನ್‌ಹೌಟ್ ಸದ್ದಿನಿಂದಲೇ ಗುಟ್ಟು ಹಿಡಿದರಂತೆ. ಬೈಯುವ ಬದಲು ಒಪ್ಪಿಗೆ ಕೊಟ್ಟರು. 1968ರ ಮಾರ್ಚಿಯಲ್ಲಿ ಜಿನೀವಾ ಪ್ರದರ್ಶನಕ್ಕೆ ಬಂದ ಕಾರು 250 ಅಶ್ವಶಕ್ತಿಯದು, ಗಂಟೆಗೆ 220 ಕಿ.ಮೀ. ಓಡುತ್ತಿತ್ತು. ನೋಡಲು ಮಾತ್ರ ಬ್ಯಾಂಕ್ ಮ್ಯಾನೇಜರರ ಕಾರಿನಷ್ಟು ಸೌಮ್ಯ. ಹಿಂದಿನ ಡಿಕ್ಕಿಯ ಮೇಲೆ 6.3 ಎಂಬ ಪುಟ್ಟ ಅಂಕಿಯೊಂದೇ ಗುರುತು. 1972ರವರೆಗೆ ತಯಾರಾದದ್ದು 6,526.

ಇದೇ ಕಾರನ್ನು ಎಎಂಜಿ ಎಂಬ ಸಣ್ಣ ಸಂಸ್ಥೆ ಇನ್ನಷ್ಟು ತಿದ್ದಿ, ಕೆಂಪು ಬಣ್ಣ ಬಳಿದು, 1971ರಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ 24 ಗಂಟೆಗಳ ಪಂದ್ಯಕ್ಕೆ ಇಳಿಸಿತು. ಹಗುರ ಕಾರುಗಳ ನಡುವೆ ಈ ದಢೂತಿ ಎರಡನೆಯ ಸ್ಥಾನ ಪಡೆಯಿತು. ಜನ ಅದನ್ನು ಕೆಂಪು ಹಂದಿ ಎಂದು ಕರೆದರು. ಕೊನೆಗೆ ಆ ಕಾರು ವಿಮಾನದ ಟೈರು ಪರೀಕ್ಷಿಸುವ ಕೆಲಸಕ್ಕೆ ಮಾರಾಟವಾಗಿ, ಹಾಗೇ ಕಣ್ಮರೆಯಾಯಿತು. ಈಗ ಪ್ರದರ್ಶನಕ್ಕಿಡುವುದು ನಕಲು. ಉಳಿದುಕೊಂಡದ್ದು ಯಾರದೋ ಮನೆಯ ಶೆಡ್ಡಿನಲ್ಲಿ ಯಾರೋ ಒರೆಸಿ ತಿಕ್ಕಿ ಇಟ್ಟುಕೊಂಡಂಥವು.

ಅವೂ ಎಲ್ಲ ಉಳಿಯಲಿಲ್ಲ. 1973ರಲ್ಲಿ ತೈಲದ ಮುಗ್ಗಟ್ಟು ಬಂತು. ಪಶ್ಚಿಮ ಜರ್ಮನಿಯಲ್ಲಿ ನಾಲ್ಕು ಭಾನುವಾರ ಕಾರು ಓಡಿಸುವುದನ್ನೇ ನಿಷೇಧಿಸಿದರು. ಲೀಟರಿಗೆ ಐದಾರು ಕಿ.ಮೀ. ಓಡುವ ಕಾರನ್ನು ಯಾರು ಸಾಕುತ್ತಾರೆ? ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರಿದಾಗ ಎಷ್ಟೋ ಕಾರುಗಳು ಗುಜರಿ ಸೇರಿದವು. ಮನೆಯೊಡತಿಯ ಗಂಡ ಹಾಗೆ ಅಗ್ಗವಾದಾಗಲೇ ಕೊಂಡವರು. ರಜೆಗೆಂದು ಕೂಡಿಟ್ಟ ಹಣವೆಲ್ಲ ಅದರ ಹೊಟ್ಟೆಗೆ ಹೋಯಿತಂತೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಆ ಕಾರು ಆಕೆಗೆ ಸವತಿ. ಗಂಡ ತೀರಿಕೊಂಡ ಮೇಲೆ ಮಾರಬೇಕೆಂದೇ ಇದ್ದರು. ಆದರೆ ಗಂಡನ ಗೆಳೆಯ, ಒಬ್ಬ ನಿವೃತ್ತ ಮೆಕ್ಯಾನಿಕ್, ಕಣ್ಣು ಮಂದವಾಗಿದೆ, ಸ್ವಲ್ಪ ಟಾರ್ಚು ಹಿಡಿಯಿರಿ ಎಂದರಂತೆ. ಟಾರ್ಚು ಹಿಡಿದ ಕೈ ಸ್ಪ್ಯಾನರ್ ಹಿಡಿಯಿತು.

ಈ ಕಾರಿಗೆ ಉಕ್ಕಿನ ಸ್ಪ್ರಿಂಗ್ ಇಲ್ಲ. ಪ್ರತಿ ಚಕ್ರದ ಬಳಿಯೂ ಕಮ್ಮಾರನ ತಿದಿಯಂಥ ಒಂದು ರಬ್ಬರ್ ಚೀಲ. ಎಂಜಿನ್ ತಿರುಗುವಾಗ ಕಂಪ್ರೆಸರ್ ಗಾಳಿಯನ್ನು ಒತ್ತಿ ಒಂದು ತೊಟ್ಟಿಗೆ ತುಂಬುತ್ತದೆ. ಮೂರು ಕವಾಟಗಳು ಅದನ್ನು ಚೀಲಗಳಿಗೆ ಹಂಚಿ ಕಾರನ್ನು ಒಂದೇ ಎತ್ತರದಲ್ಲಿ ನಿಲ್ಲಿಸುತ್ತವೆ. ಹೊಸದರಲ್ಲಿ ಉಯ್ಯಾಲೆಯಂಥ ಸುಖ. ನಲವತ್ತೆಂಟು ವರ್ಷವಾದ ಮೇಲೆ ರಬ್ಬರು ಒಣಗದೆ ಇರುತ್ತದೆಯೇ? ಎಲ್ಲೋ ಗಾಳಿ ಸೋರುತ್ತಿತ್ತು. ಒಂದು ಗ್ಯಾರೇಜಿನವರು ನಾಲ್ಕೂ ಚೀಲ ಬದಲಿಸಿ ಎಂದಿದ್ದರು. ಆ ದುಡ್ಡಿನಲ್ಲಿ ಇನ್ನೊಂದು ಕಾರೇ ಬರುತ್ತಿತ್ತು. ತಪಾಸಣೆಯ ದಿನ ಹತ್ತಿರವಾಗಿತ್ತು. 1997ರಿಂದ ಅಲ್ಲಿ ಮೂವತ್ತು ವರ್ಷ ದಾಟಿ, ಮೂಲರೂಪದಲ್ಲಿ ಚೆನ್ನಾಗಿರುವ ಕಾರಿಗೆ ವಿಶೇಷ ನಂಬರ್ ಫಲಕವಿದೆ, ತೆರಿಗೆಯೂ ಬೇರೆ. ಎರಡು ವರ್ಷಕ್ಕೊಮ್ಮೆ ಪರೀಕ್ಷೆಯಲ್ಲಿ ಪಾಸಾಗಬೇಕು. ಇಲ್ಲವಾದರೆ ಮಾರಿಬಿಡೋಣ ಎಂದು ಮಗ ಗಿರಾಕಿಯನ್ನು ಗೊತ್ತುಮಾಡಿದ್ದ.

ಮಾರದಿದ್ದರೂ ಸುಮ್ಮನೆ ನಿಲ್ಲಿಸಿ ಇಟ್ಟುಕೊಳ್ಳಬಹುದಲ್ಲ ಎಂದು ಮಗಳ ಮೂಲಕ ಕೇಳಿಸಿದೆ. ಆಕೆ ನಕ್ಕರು. ನಿಂತ ಕಾರೇ ಬೇಗ ಕೆಡುವುದಂತೆ. ಪೆಟ್ರೋಲು ಅಂಟಾಗುತ್ತದೆ, ಬ್ರೇಕಿನ ದ್ರವ ಮಳೆಗಾಲದ ಉಪ್ಪಿನ ಹಾಗೆ ತೇವ ಹೀರಿ ಒಳಗೇ ತುಕ್ಕು ಹಿಡಿಸುತ್ತದೆ. ಅದಕ್ಕೇ ಪ್ರತಿ ಭಾನುವಾರ ಓಡಿಸಲೇಬೇಕು. ಪೆಟ್ರೋಲನ್ನು ಎಂಟು ಸಿಲಿಂಡರುಗಳಿಗೆ ಅಳೆದು ಕೊಡುವ ಬಾಷ್ ಪಂಪನ್ನು ಮಾತ್ರ ತಾವು ಮುಟ್ಟುವುದಿಲ್ಲ, ಅದು ಗಡಿಯಾರ ರಿಪೇರಿಯಷ್ಟು ಸೂಕ್ಷ್ಮ ಎಂದರು. ಆ ಹೆಸರು ಕೇಳಿ ನನಗೆ ಖುಷಿಯಾಯಿತು. ಅದೇ ಬಾಷ್ ಜೊತೆಗೆ ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದದ್ದಲ್ಲವೇ ನಮ್ಮ ಮೈಕೋ! ನನ್ನ ಚಿಕ್ಕಪ್ಪ ಅಲ್ಲಿ ಡೀಸೆಲ್ ಪಂಪಿನ ವಿಭಾಗದಲ್ಲಿದ್ದರು. ಕೂದಲೆಳೆಗಿಂತ ಸಣ್ಣ ಸಂದು ನಮ್ಮ ಕೆಲಸ ಎಂದು ಜಂಬ ಕೊಚ್ಚುತ್ತಿದ್ದರು. ಇದನ್ನು ಹೇಳಿದ ಮೇಲೆ ಆಕೆ ನನಗೂ ಒಂದು ಹಳೆಯ ಏಪ್ರನ್ ಕೊಟ್ಟರು.

ಕಾರಿನ ಮೊದಲ ರಿಪೇರಿ ಮಾಡಿದ್ದೂ ಹೆಂಗಸೇ ಎಂದು ಆಕೆ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. 1888ರಲ್ಲಿ ಬೆರ್ಟಾ ಬೆನ್ಝ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ಗೆ, ನೂರು ಕಿ.ಮೀ.ಗೂ ಮಿಕ್ಕಿ, ಗಂಡ ಮಾಡಿದ ಬಂಡಿಯಲ್ಲಿ ಹೋದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದರು. ಕಾರು ಕಂಡುಹಿಡಿದವರು ಯಾರು ಎಂದು ತರಗತಿಯಲ್ಲಿ ಎಷ್ಟು ವರ್ಷ ಕೇಳಿದ್ದೇನೋ. ಕಾರ್ಲ್ ಬೆನ್ಝ್, 1886 ಎಂದವರಿಗೆ ಪೂರ್ತಿ ಅಂಕ. ಬೆರ್ಟಾ ಹೆಸರು ನನಗೇ ಗೊತ್ತಿರಲಿಲ್ಲ.

ಒಂದು ಶನಿವಾರ ಮೆಕ್ಯಾನಿಕ್ ಬಂದರು. ಕಾರನ್ನು ಎತ್ತಿ, ಕೆಳಗೆ ಭದ್ರವಾಗಿ ಆಸರೆ ಕೊಟ್ಟ ಮೇಲೆ ಮನೆಯೊಡತಿ ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿದರು. ಗ್ಯಾಸ್ ಸಿಲಿಂಡರಿನ ಸೋರಿಕೆ ನೋಡುವ ನಮ್ಮ ಉಪಾಯವೇ! ಚೀಲ, ಕೊಳವೆ, ಕೀಲುಗಳಿಗೆಲ್ಲ ಬ್ರಷ್ಷಿನಲ್ಲಿ ಹಚ್ಚುತ್ತ ಹೋದೆವು. ನಾಲ್ಕೂ ಚೀಲಗಳ ಮೇಲೆ ನೊರೆ ಸುಮ್ಮನೆ ಕೂತಿತ್ತು. ಮುಂದಿನ ಎಡಗಡೆಯ ಕವಾಟದ ಹತ್ತಿರ ಮಾತ್ರ ಸಾಸಿವೆಯಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಕಂಡದ್ದು ನನಗೆ. "ಇಲ್ಲಿ, ಇಲ್ಲಿ!" ಎಂದು ಕನ್ನಡದಲ್ಲೇ ಕೂಗಿದೆ, ಇಬ್ಬರಿಗೂ ಅರ್ಥವಾಯಿತು.

ಕವಾಟ ಬಿಚ್ಚಿದರೆ ಒಳಗಿನ ರಬ್ಬರ್ ಉಂಗುರ ಗಟ್ಟಿಯಾಗಿ ಸೀಳಿತ್ತು. ಹೊಸದು ತರಿಸಿ ಹಾಕಲು ನಾಲ್ಕು ದಿನ ಹಿಡಿಯಿತು. ಖರ್ಚು, ಮಗುವಿನ ಒಂದು ಜೊತೆ ಬಟ್ಟೆಗಿಂತ ಕಡಿಮೆ. ಚೀಲಗಳಿಗೂ ವಯಸ್ಸಾಗಿದೆ, ಇನ್ನೊಂದೆರಡು ವರ್ಷಕ್ಕೆ ಅವೂ ಕೇಳುತ್ತವೆ ಎಂದು ಮೆಕ್ಯಾನಿಕ್ ಎಚ್ಚರಿಸಿಯೇ ಹೋದರು.

ಮರುದಿನ ಬೆಳಗಿನ ಜಾವ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು ನಾನೂ ಕೆಳಗಿಳಿದೆ. ಆಕೆ ಶೆಡ್ಡಿನ ಬಾಗಿಲು ತೆರೆದರು. ಕಾರು ರಾತ್ರಿ ನಿಲ್ಲಿಸಿದಂತೆಯೇ ನಿಂತಿತ್ತು. ಆಕೆ ಚಕ್ರದ ಮೇಲೆ ಕೈಯಿಟ್ಟರು. ನಾಲ್ಕು ಬೆರಳು. ಇನ್ನೊಂದು ಪಕ್ಕಕ್ಕೆ ಹೋಗಿ ಅಲ್ಲೂ ಇಟ್ಟರು. ನಾಲ್ಕು. ಆಮೇಲೆ ಒಳಗೆ ಹೋಗಿ, ಇನ್ನೂ ಆರು ಗಂಟೆಯೂ ಆಗಿರಲಿಲ್ಲ, ಮಗನಿಗೆ ಫೋನು ಮಾಡಿದರು.