ಕರ್ಕೊಂಡು ಬರೋರು ಯಾರು?

ಹೋದ ವರ್ಷ ಹಾವೇರಿ ಜಿಲ್ಲೆಯ ನಮ್ಮ ತಾಲ್ಲೂಕಿನಿಂದ ಹದಿನೆಂಟು ಜನ ಥಾಯ್ಲೆಂಡ್ ಪ್ರವಾಸಕ್ಕೆ ಹೋದರು. ಬಹುಪಾಲು ನಿವೃತ್ತ ಮೇಷ್ಟ್ರುಗಳು ಮತ್ತು ಅವರ ಮನೆಯವರು. ಐದು ದಿನ ಚೆನ್ನಾಗಿಯೇ ಕಳೆಯಿತು. ಆರನೆಯ ದಿನ ರಾತ್ರಿ ಬ್ಯಾಂಕಾಕ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತಾಗ, ಅವರ ಕೈಯಲ್ಲಿದ್ದ ಕಾಗದ ಟಿಕೆಟ್ಟೇ ಅಲ್ಲ ಎಂದು ಗೊತ್ತಾಯಿತು. ಪಿಎನ್‌ಆರ್ ಇತ್ತು, ಟಿಕೆಟ್ ನಂಬರ್ ಇರಲಿಲ್ಲ. ಏಜೆಂಟ್ ವಾಪಸ್ ಬರುವ ಸೀಟುಗಳನ್ನು ಹಿಡಿದಿಟ್ಟಿದ್ದ, ದುಡ್ಡು ಕಟ್ಟಿರಲಿಲ್ಲ. ಅವನ ಫೋನ್ ಸ್ವಿಚ್ ಆಫ್.

ಮಕ್ಕಳು, ಅಳಿಯಂದಿರು ಊರಿನಿಂದ ದುಡ್ಡು ಹೊಂದಿಸಿ ಸಿಕ್ಕ ಸಿಕ್ಕ ವಿಮಾನಕ್ಕೆ ಟಿಕೆಟ್ ಮಾಡಿಸಿದರು. ಒಂದಷ್ಟು ಜನ ಕೋಲ್ಕತ್ತಾಕ್ಕೆ, ಒಂದಷ್ಟು ಜನ ಚೆನ್ನೈಗೆ, ಉಳಿದವರು ಎರಡು ರಾತ್ರಿ ನಿಲ್ದಾಣದ ನೆಲದ ಮೇಲೆ ಮಲಗಿ ಬೆಂಗಳೂರಿಗೆ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಮುಗಿಯುವಾಗ ನಾಲ್ಕನೆಯ ದಿನ. ನಾವು ಮುನ್ನೂರು ಪದದ ಸುದ್ದಿ ಕಳಿಸಿದೆವು. ಅರವತ್ತು ಪದ ಬಂತು, ಅದೂ ಒಳಪುಟದಲ್ಲಿ. ಪೊಲೀಸ್ ದೂರು ಇಲ್ಲದ್ದರಿಂದ ಏಜೆಂಟನ ಹೆಸರು ಹಾಕಲು ಡೆಸ್ಕ್ ಒಪ್ಪಲಿಲ್ಲ. ಅದು ಸರಿಯೂ ಹೌದು.

ಆ ಗುಂಪಿನಲ್ಲಿದ್ದ, ನಮಗೆ ಹೈಸ್ಕೂಲಿನಲ್ಲಿ ಸಮಾಜ ಕಲಿಸಿದ್ದ ಮೇಷ್ಟ್ರು ಅಂದು ಹೇಳಿದ ಮಾತು ಮಾತ್ರ ಡೆಸ್ಕಿನ ಕತ್ತರಿಗೆ ಸಿಗದೆ ನಮ್ಮಲ್ಲೇ ಉಳಿಯಿತು. "ತಮ್ಮಾ, ಹೋಗಾಕ ಎಲ್ಲಾರೂ ಕರೀತಾರ. ಕರ್ಕೊಂಡು ಬರೋರು ಯಾರು?"

ಈ ಪ್ರಶ್ನೆಯ ಹಿಂದೆ ಬಿದ್ದು ಓದುತ್ತಾ ಹೋದರೆ ದಾರಿ ಇಂಗ್ಲೆಂಡಿಗೆ ಹೋಗಿ ಮುಟ್ಟುತ್ತದೆ. ಸಾಮಾನ್ಯ ಸಂಬಳದ ಜನ ಗುಂಪು ಕಟ್ಟಿಕೊಂಡು ವಿಮಾನದಲ್ಲಿ ವಿದೇಶಕ್ಕೆ ರಜೆ ಕಳೆಯಲು ಹೋಗುವ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಲ್ಲಿ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಮತ್ತೆ ಮತ್ತೆ ಪೆಟ್ಟು ತಿಂದು ಉತ್ತರ ಹುಡುಕಿದ್ದೂ ಅಲ್ಲೇ.

ಗುಂಪು ಪ್ರವಾಸದ ಕಥೆ ಶುರುವಾಗುವುದು ಥಾಮಸ್ ಕುಕ್ ಎಂಬ ಮದ್ಯವಿರೋಧಿ ಪ್ರಚಾರಕನಿಂದ. 1841ರ ಜುಲೈ 5ರಂದು ಆತ ಸುಮಾರು 500 ಜನರನ್ನು ತಲೆಗೆ ಒಂದು ಶಿಲಿಂಗ್‌ನಂತೆ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಪಾನನಿರೋಧ ಸಭೆಗೆ ಕರೆದೊಯ್ದ. ಅವತ್ತೇ ವಾಪಸ್. ಕರೆದುಕೊಂಡು ಹೋದವನೇ ಜೊತೆಗಿದ್ದು ಕರೆದುಕೊಂಡು ಬಂದ. ಮೇಷ್ಟ್ರ ಪ್ರಶ್ನೆ ಅಲ್ಲಿ ಏಳುವ ಹಾಗೇ ಇರಲಿಲ್ಲ.

ವಿಮಾನ ಬಂದ ಮೇಲೆ ಲೆಕ್ಕ ಬದಲಾಯಿತು. ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ವ್ಲಾದಿಮಿರ್ ರೈಟ್ಜ್ ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿ ಕೆಲಸಕ್ಕಿದ್ದವನು, ಅಂದರೆ ನಮ್ಮ ಕಸುಬಿನವನೇ. 1949ರಲ್ಲಿ ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪಕ್ಕೆ ರಜೆಗೆ ಹೋಗಿದ್ದ. ಅಲ್ಲಿನ ಕಾಲ್ವಿ ಊರಿನ ಕಡಲತೀರ ನೋಡಿ, ಇಲ್ಲಿಗೆ ಬಾಡಿಗೆ ವಿಮಾನದಲ್ಲಿ ಜನರನ್ನು ಕರೆತಂದರೆ ಹೇಗೆ ಎಂದು ಲೆಕ್ಕ ಹಾಕಿದ. ಹೊರೈಜನ್ ಹಾಲಿಡೇಸ್ ಎಂಬ ಕಂಪನಿ ಕಟ್ಟಿದ. 1950ರ ಮೇ ತಿಂಗಳಲ್ಲಿ ಮೊದಲ ತಂಡ ಹೊರಟಿತು. ಎರಡು ಎಂಜಿನ್‌ನ 32 ಸೀಟಿನ ಡಕೋಟಾ ವಿಮಾನ. ವಾಸ, ಊಟ, ವಿಮಾನ ಎಲ್ಲಾ ಸೇರಿ 32 ಪೌಂಡ್ 10 ಶಿಲಿಂಗ್. ವಾಸ ಅಂದರೆ ಡೇರೆ, ಯುದ್ಧ ಮುಗಿದ ಮೇಲೆ ಉಳಿದಿದ್ದ ಸೇನೆಯ ಡೇರೆಗಳು. ಬ್ರಿಟನ್‌ನಲ್ಲಿ ಇನ್ನೂ ರೇಷನ್ ಇದ್ದ ಕಾಲದಲ್ಲಿ ದಿನಕ್ಕೆ ಎರಡು ಹೊತ್ತು ಮಾಂಸದೂಟ ಎಂಬುದೇ ದೊಡ್ಡ ಆಕರ್ಷಣೆ.

ಸರ್ಕಾರ ಇದಕ್ಕೆ ಸುಲಭವಾಗಿ ಲೈಸೆನ್ಸ್ ಕೊಡಲಿಲ್ಲ. ಸರ್ಕಾರಿ ವಿಮಾನ ಕಂಪನಿಗೆ ಪೈಪೋಟಿ ಆಗಬಾರದೆಂದು, ಕೇವಲ ವಿದ್ಯಾರ್ಥಿಗಳು ಮತ್ತು ಶಿಕ್ಷಕರನ್ನು ಕರೆದೊಯ್ಯಬಹುದು ಎಂಬ ಷರತ್ತು ಹಾಕಿತು. ಅಲ್ಲೂ ಮೊದಲು ಹೊರಟವರು ಮೇಷ್ಟ್ರುಗಳೇ! ಇದನ್ನು ನಮ್ಮ ಮೇಷ್ಟ್ರಿಗೆ ಹೇಳಿದಾಗ ಅವರು ತುಂಬಾ ದಿನದ ಮೇಲೆ ನಕ್ಕರು.

ಡಕೋಟಾದ ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇರಲಿಲ್ಲ. ಹೀಗಾಗಿ ಮೋಡಗಳ ಮೇಲಕ್ಕೆ ಏರುವಂತಿರಲಿಲ್ಲ. ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಕುಲುಕುತ್ತಾ ಸಾಗಬೇಕು. ಇವತ್ತು ಎರಡು ಗಂಟೆ ಚಿಲ್ಲರೆಯ ದಾರಿಗೆ ಆಗ ಅದರ ಎರಡು ಪಟ್ಟಿಗೂ ಹೆಚ್ಚು ಸಮಯ ಬೇಕಿತ್ತು.

ಈ ವ್ಯಾಪಾರದ ಗುಟ್ಟು ಇರುವುದು ವಾಪಸಾತಿಯಲ್ಲಿ. ನಮ್ಮ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಲಾರಿಯವರನ್ನು ಕೇಳಿ. ಹೋಗುವ ಬಾಡಿಗೆ ಎಷ್ಟೇ ಸಿಗಲಿ, ರಿಟರ್ನ್ ಲೋಡ್ ಇಲ್ಲದಿದ್ದರೆ ಲಾಭ ಇಲ್ಲ. ಪ್ರವಾಸದ ವಿಮಾನಕ್ಕೂ ಇದೇ ನಿಯಮ. 32 ಜನರನ್ನು ಕಡಲತೀರಕ್ಕೆ ಬಿಟ್ಟು ಎರಡು ವಾರ ವಿಮಾನ ಅಲ್ಲೇ ನಿಲ್ಲುವಂತಿಲ್ಲ, ಖಾಲಿ ಬರುವಂತೆಯೂ ಇಲ್ಲ. ಹಾಗಾಗಿ ಹೊಸ ತಂಡವನ್ನು ಬಿಟ್ಟು, ರಜೆ ಮುಗಿಸಿದ ಹಳೆಯ ತಂಡವನ್ನು ಅದೇ ವಿಮಾನದಲ್ಲಿ ತುಂಬಿಕೊಂಡು ಬರುವುದು. ಬೇಸಿಗೆಯ ಮೊದಲ ವಿಮಾನ ಖಾಲಿ ಬರುತ್ತದೆ, ಕೊನೆಯ ವಿಮಾನ ಖಾಲಿ ಹೋಗುತ್ತದೆ. ನಡುವಿನದ್ದೆಲ್ಲ ಭರ್ತಿ. ದರ ಇಳಿದದ್ದು ಈ ಉಪಾಯದಿಂದ. ಇದರ ಇನ್ನೊಂದು ಮುಖವನ್ನು ಮಾತ್ರ ಟಿಕೆಟ್ ಕೊಂಡ ಯಾರೂ ಯೋಚಿಸಿರಲಿಲ್ಲ. ನಿಮ್ಮನ್ನು ಮನೆಗೆ ಕರೆತರುವ ವಿಮಾನ ಹೊರಡುವುದು ನಿಮಗಾಗಿ ಅಲ್ಲ, ಇನ್ನೊಬ್ಬರು ರಜೆಗೆ ಹೊರಟಿದ್ದಾರೆ ಎಂದು. ಅವರು ದುಡ್ಡು ಕಟ್ಟುವುದು ನಿಂತರೆ, ಕಂಪನಿ ಬಾಗಿಲು ಮುಚ್ಚಿದರೆ, ನೀವು ಇದ್ದಲ್ಲೇ ಉಳಿದಿರಿ.

ಹದಿನೈದು ವರ್ಷದಲ್ಲಿ ಸ್ಪೇನಿನ ಮಯೋರ್ಕಾ ದ್ವೀಪ ಬ್ರಿಟನ್‌ನ ಗಿರಣಿ ಊರುಗಳ ಜನರಿಗೆ ಪಕ್ಕದ ಜಾತ್ರೆಯಂತಾಯಿತು. 1966ರಲ್ಲಿ ಸರ್ಕಾರ ವಿದೇಶದಲ್ಲಿ ತಲೆಗೆ 50 ಪೌಂಡ್‌ಗಿಂತ ಹೆಚ್ಚು ಖರ್ಚು ಮಾಡಕೂಡದು ಎಂದು ಮಿತಿ ಹಾಕಿದಾಗಲೂ ಜನ ನಿಲ್ಲಲಿಲ್ಲ. ಮಿತಿಯೊಳಗೆ ಮುಗಿಯುವುದು ಪ್ಯಾಕೇಜ್ ಪ್ರವಾಸವೇ ಎಂದು ಅದಕ್ಕೇ ಅಂಟಿಕೊಂಡರು. ದೊಡ್ಡ ಕಂಪನಿಗಳು ಬಿಟ್ಟುಕೊಟ್ಟ ಹಳೆಯ ವಿಮಾನಗಳು ಈ ಕೆಲಸಕ್ಕೆ ಬಂದವು.

ಅವುಗಳಲ್ಲೊಂದು ಆರ್ಗೊನಾಟ್. 1952ರಲ್ಲಿ ತಂದೆ ತೀರಿಕೊಂಡಾಗ ರಾಣಿ ಎಲಿಜಬೆತ್ ಆಫ್ರಿಕಾದಿಂದ ಲಂಡನ್ನಿಗೆ ಮರಳಿದ್ದು ಇದೇ ಮಾದರಿಯ ವಿಮಾನದಲ್ಲಿ. 1967ರ ಜೂನ್ 4ರ ಭಾನುವಾರ ಬೆಳಿಗ್ಗೆ ಅಂಥದ್ದೇ ಒಂದು ಆರ್ಗೊನಾಟ್ ಮಯೋರ್ಕಾದ ಪಾಲ್ಮಾದಿಂದ ರಜೆ ಮುಗಿಸಿದವರನ್ನು ಹೊತ್ತು ಮ್ಯಾಂಚೆಸ್ಟರ್‌ಗೆ ಬರುತ್ತಿತ್ತು. ಒಟ್ಟು 84 ಜನ. ನಿಲ್ದಾಣ ಇನ್ನು ಕೆಲವೇ ಮೈಲಿ ಇರುವಾಗ ಬಲಬದಿಯ ಎಂಜಿನ್‌ಗಳು ಕೈಕೊಟ್ಟವು. ವಿಮಾನ ಪಕ್ಕದ ಸ್ಟಾಕ್‌ಪೋರ್ಟ್ ಊರಿನ ನಡುವೆ, ಮನೆಗಳ ಮಧ್ಯದ ಒಂದಿಷ್ಟು ಖಾಲಿ ಜಾಗದಲ್ಲಿ ಬಿತ್ತು. ಅಕ್ಕಪಕ್ಕದ ಜನ, ಪೊಲೀಸರು ಬೆಂಕಿಗೆ ಹೆದರದೆ ನುಗ್ಗಿ ಕೈಗೆ ಸಿಕ್ಕವರನ್ನು ಎಳೆದರು. ಉಳಿದವರು 12 ಜನ. ಸತ್ತವರು 72. ನೆಲದ ಮೇಲಿದ್ದ ಯಾರೂ ಸಾಯಲಿಲ್ಲ. ಇಂಧನ ಟ್ಯಾಂಕುಗಳ ನಡುವಿನ ವಾಲ್ವ್ ಪೂರ್ತಿ ಮುಚ್ಚದೆ ಒಂದು ಎಂಜಿನ್‌ಗೆ ಇಂಧನ ಸಿಗದಂತಾಗಿತ್ತು ಎಂದು ತನಿಖೆ ಹೇಳಿತು. ಇಂಥ ತೊಂದರೆ ಬೇರೆ ಪೈಲಟ್‌ಗಳಿಗೆ ಮೊದಲೇ ಆಗಿತ್ತು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ತಿಳಿಸಿರಲಿಲ್ಲ. ಸತ್ತವರ ಮನೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅವರನ್ನು ಎದುರು ನೋಡುತ್ತಿದ್ದರು.

ಆದರೆ ಕಾನೂನು ಬದಲಾಗಲು ಕಾರಣವಾದದ್ದು ಅಪಘಾತವಲ್ಲ, ದಿವಾಳಿ. 1970ರ ದಶಕದ ಆರಂಭದಲ್ಲಿ ಕೋರ್ಟ್ ಲೈನ್ ಎಂಬ ಕಂಪನಿ ಬಣ್ಣಬಣ್ಣದ ಜೆಟ್ ವಿಮಾನಗಳನ್ನು ಹಾರಿಸುತ್ತಿತ್ತು. ವಿಮಾನದಲ್ಲಿ ಜಾಗ ಉಳಿಸಲು ಅವರು ಮಾಡಿದ ಒಂದು ಏರ್ಪಾಡು ಕೇಳಿ. ಎದುರಿನ ಸೀಟಿನ ಬೆನ್ನಿನಲ್ಲೇ ಎರಡು ಗೂಡು. ಒಂದರಲ್ಲಿ ಹೋಗುವವನ ಊಟ, ಇನ್ನೊಂದರಲ್ಲಿ ಅದೇ ಸೀಟಿನಲ್ಲಿ ವಾಪಸ್ ಬರುವವನ ಊಟ, ಬೀಗ ಹಾಕಿ. ಹೋಗುವವರಲ್ಲಿ ಕೆಲವರು ಬೀಗ ತೆಗೆಯುವ ಕೈಚಳಕ ಕಲಿತು ಎರಡೂ ಊಟ ಮುಗಿಸುತ್ತಿದ್ದರು. ವಾಪಸ್ ಬರುವವರಿಗೆ ಖಾಲಿ ಗೂಡು. ಇಡೀ ವ್ಯಾಪಾರವೇ ಹೀಗಿತ್ತು ಎಂದರೆ ತಪ್ಪಾಗದು. ಕ್ಲಾರ್ಕ್‌ಸನ್ಸ್ ಎಂಬ ದೊಡ್ಡ ಪ್ರವಾಸ ಕಂಪನಿ ನಷ್ಟದ ದರಕ್ಕೆ ಪ್ರವಾಸ ಮಾರುತ್ತಿತ್ತು. ಮುಂದಿನವರು ಕಟ್ಟಿದ ಮುಂಗಡದಲ್ಲಿ ಹಿಂದಿನವರ ಬಿಲ್ ತೀರುತ್ತಿತ್ತು. ಕ್ಲಾರ್ಕ್‌ಸನ್ಸ್ ಮುಳುಗದಿರಲೆಂದು ಕೋರ್ಟ್ ಲೈನ್ ಅದನ್ನು ಕೊಂಡಿತು, ಆಮೇಲೆ ರೈಟ್ಜ್ ಕಟ್ಟಿದ ಹೊರೈಜನ್ ಅನ್ನೂ ಕೊಂಡಿತು. ಅಷ್ಟರಲ್ಲಿ ತೈಲದ ಬೆಲೆ ಗಗನಕ್ಕೇರಿತು.

1974ರ ಆಗಸ್ಟ್ 15ರಂದು, ಬೇಸಿಗೆ ರಜೆ ತುಂಬಿ ತುಳುಕುವಾಗ, ಎಲ್ಲವೂ ಒಟ್ಟಿಗೆ ಬಿದ್ದವು. ಹತ್ತಾರು ಸಾವಿರ ಜನ ಹೊರದೇಶಗಳಲ್ಲಿದ್ದರು. ಅವರಿಗಿಂತ ಹೆಚ್ಚು ಜನ ದುಡ್ಡು ಕಟ್ಟಿ ಇನ್ನೂ ಹೊರಟಿರಲಿಲ್ಲ. ಕಂಪನಿಗಳು ಮೊದಲೇ ಇಟ್ಟಿದ್ದ ಬಾಂಡ್ ಹಣದಿಂದ ಬೇರೆ ವಿಮಾನಗಳನ್ನು ಹಿಡಿದು ಹೊರಗಿದ್ದವರನ್ನು ಕರೆತರಲಾಯಿತು. ಮುಂಗಡ ಕಟ್ಟಿ ಮನೆಯಲ್ಲೇ ಉಳಿದವರಿಗೆ ಕೊಡಲು ಆ ಹಣ ಸಾಲಲಿಲ್ಲ. ಆ ಬೇಸಿಗೆಯ ಪ್ರವಾಸಗಳಿಗೆ ತೊಂದರೆಯಿಲ್ಲ ಎಂಬರ್ಥದ ಮಾತು ಜೂನ್‌ನಲ್ಲಷ್ಟೇ ಸಂಸತ್ತಿನಲ್ಲಿ ಸಚಿವರ ಬಾಯಿಂದ ಬಂದಿದ್ದರಿಂದ ಗಲಾಟೆ ಜೋರಾಯಿತು. 1975ರಲ್ಲಿ ಕಾನೂನು ಮಾಡಿ ಒಂದು ಮೀಸಲು ನಿಧಿ ಸ್ಥಾಪಿಸಿದರು. ಮಾರಿದ ಪ್ರತಿ ಪ್ರವಾಸದಿಂದ ಒಂದು ಪಾಲು ಅದಕ್ಕೆ. ಈಗ ಬ್ರಿಟನ್‌ನಲ್ಲಿ ಅಂಥ ಪ್ಯಾಕೇಜ್ ಕೊಂಡರೆ ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಎರಡೂವರೆ ಪೌಂಡ್ ನಿಧಿಗೆ ಹೋಗುತ್ತದೆ. ಎರಡೂವರೆ ಪೌಂಡ್ ಎಂದರೆ ಸುಮಾರು ಮುನ್ನೂರು ರೂಪಾಯಿ. ಬ್ಯಾಂಕಾಕ್ ನಿಲ್ದಾಣದಲ್ಲಿ ಎರಡು ಕಾಫಿಗೆ ಮೇಷ್ಟ್ರು ಅದಕ್ಕಿಂತ ಹೆಚ್ಚು ಕೊಟ್ಟಿದ್ದರು.

ಆ ನಿಧಿಯ ದೊಡ್ಡ ಪರೀಕ್ಷೆ 2019ರ ಸೆಪ್ಟೆಂಬರ್ 23ರಂದು ಆಯಿತು. ಬಿದ್ದದ್ದು ಥಾಮಸ್ ಕುಕ್ ಕಂಪನಿಯೇ, 178 ವರ್ಷಗಳ ನಂತರ. ಅಮೆರಿಕದ ಓರ್ಲ್ಯಾಂಡೊದಿಂದ ಹೊರಟಿದ್ದ ಅದರ ವಿಮಾನ ಅವತ್ತು ಬೆಳಿಗ್ಗೆ ಮ್ಯಾಂಚೆಸ್ಟರ್‌ನಲ್ಲಿ ಇಳಿಯುವಾಗ ಅದನ್ನು ಕಳಿಸಿದ ಕಂಪನಿಯೇ ಇರಲಿಲ್ಲ. ಬ್ರಿಟನ್‌ನಲ್ಲೇ ಸುಮಾರು 9 ಸಾವಿರ ನೌಕರರು ಕೆಲಸ ಕಳೆದುಕೊಂಡರು. ಟುನೀಷಿಯಾದ ಒಂದು ಹೋಟೆಲ್‌ನವರಂತೂ ಬಾಕಿ ಬರಲಿಲ್ಲವೆಂದು ಕಂಪನಿ ಬೀಳುವ ಮುನ್ನವೇ ಗೇಟು ಹಾಕಿ, ಊರಿಗೆ ಹೊರಟ ಪ್ರವಾಸಿಗರಿಂದಲೇ ಹಣ ಕೇಳಿದ್ದರು. ಆದರೂ ಸುಮಾರು ಒಂದೂವರೆ ಲಕ್ಷ ಜನರನ್ನು ಎರಡು ವಾರಗಳಲ್ಲಿ ಊರು ಮುಟ್ಟಿಸಿದರು. ಮಲೇಷ್ಯಾದಿಂದಲೂ ವಿಮಾನ ತರಿಸಿದ್ದರು. (ಭಾರತದ ಥಾಮಸ್ ಕುಕ್ 2012ರಿಂದಲೇ ಬೇರೆಯವರ ಒಡೆತನದ್ದು. ಅದಕ್ಕೇನೂ ಆಗಲಿಲ್ಲ.)

ಕರೆತಂದ ಇತಿಹಾಸ ನಮ್ಮ ದೇಶಕ್ಕೂ ಇದೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಏರ್ ಇಂಡಿಯಾ ಎರಡು ತಿಂಗಳು ಜೋರ್ಡಾನಿನ ಅಮ್ಮಾನ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ತಂದಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. 2020ರ ಮೇ 12ರಂದು, ಕೊರೊನಾ ಕಾಲದಲ್ಲಿ, ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂತು. ಆಗ ಟಿಕೆಟ್ ಹಣ ಪ್ರಯಾಣಿಕರದ್ದೇ. ಅವೆರಡೂ ದುಡಿಯಲು ಹೋದವರ ಕಥೆ, ದೇಶಕ್ಕೇ ಆಪತ್ತು ಬಂದ ಹೊತ್ತಿನ ಕಥೆ. ಐದು ದಿನದ ಪ್ಯಾಕೇಜಿಗೆ ಹೋದ ಹದಿನೆಂಟು ಜನರಿಗಾಗಿ ಯಾರು ವಿಮಾನ ಕಳಿಸುತ್ತಾರೆ? 2012ರಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನೆಲ ಕಚ್ಚಿದಾಗಲೂ, 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗಲೂ ಟಿಕೆಟ್ ಕೊಂಡವರು ತಮ್ಮ ದಾರಿ ತಾವೇ ನೋಡಿಕೊಂಡರು. ಉಳಿಯುವುದು ಗ್ರಾಹಕರ ಆಯೋಗ. ನಮ್ಮ ಮೇಷ್ಟ್ರ ಗುಂಪು ಅಲ್ಲಿಗೆ ಹೋಗೋಣವೆಂದು ಕಾಗದ ತೆಗೆದರೆ, ಏಜೆಂಟ್ ಕೊಟ್ಟಿದ್ದ ರಸೀದಿ ಕೈಬರಹದ್ದು. "ಟೂರ್ ಬಾಬ್ತು ಸಂದಾಯ" ಎಂದಿತ್ತು. ಜಿಎಸ್‌ಟಿ ನಂಬರ್ ಇಲ್ಲ, ಸಹಿ ಓದಲು ಬರುವುದಿಲ್ಲ. ಆದರೂ ಅರ್ಜಿ ಹಾಕಿದ್ದಾರೆ.

ಮೊನ್ನೆ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬರು ಉಮ್ರಾಕ್ಕೆ ಹೊರಟವರು, ಇಬ್ಬರು ದುಬೈಗೆ, ಒಬ್ಬಾಕೆ ಮಗಳ ಬಾಣಂತನಕ್ಕೆ ಸಿಂಗಪುರಕ್ಕೆ. ಎಲ್ಲರ ಕೈಯಲ್ಲೂ ಟಿಕೆಟ್ ಪ್ರಿಂಟು. ಏಜೆಂಟ್ ಏನೇ ಹೇಳಲಿ, ಮೇಷ್ಟ್ರಿಗೆ ಒಮ್ಮೆ ತೋರಿಸಿಯೇ ಹೊರಡಬೇಕು ಎಂದು ಊರಿನಲ್ಲಿ ಮಾತಾಗಿದೆಯಂತೆ. ಕಡಿಮೆ ದರದ ಕಂಪನಿಯದ್ದಾದರೆ ಪಿಎನ್‌ಆರ್ ಹಾಕಿ ಮೊಮ್ಮಗನ ಮೊಬೈಲಿನಲ್ಲಿ ನೋಡುತ್ತಾರೆ. ಉಳಿದವಕ್ಕೆ ಅವರದ್ದು ಒಂದೇ ಪರೀಕ್ಷೆ. ಹೋಗುವ ಪುಟವನ್ನು ಪಕ್ಕಕ್ಕಿಟ್ಟು, ಬರುವ ಪುಟವನ್ನು ಬೆಳಕಿಗೆ ಹಿಡಿದು, ಟಿಕೆಟ್ ನಂಬರಿನ ಮೇಲೆ ಬೆರಳಿಟ್ಟು ಮೇಷ್ಟ್ರು ಎಣಿಸುತ್ತಿದ್ದರು. "ಹನ್ನೊಂದು, ಹನ್ನೆರಡು, ಹದಿಮೂರು. ಐತಿ ತಂಗಿ. ಹೋಗಿ ಬಾ."